ಖಬರಗೇಡಿ ಪದದ ಕೊನೆಯ ಚೀಟಿ

ಚೀಟಿ ಅಂದರೆ ಪೋಸ್ಟ್ ಕಾರ್ಡಿನಷ್ಟು ಅಗಲದ ಒಂದು ಬಿಳಿ ರಟ್ಟು. ಅದರ ಮೇಲೆ ಐದು ಸಾಲು. ಮೊದಲನೆಯದಕ್ಕೆ ಪದ. ಎರಡನೆಯದಕ್ಕೆ ಆ ಪದ ಬಂದ ಮಾತು, ಬಾಯಿಂದ ಬಿದ್ದ ಹಾಗೆಯೇ. ಮೂರನೆಯದಕ್ಕೆ ಯಾರು ಯಾರಿಗೆ ಅಂದರು. ನಾಲ್ಕನೆಯದಕ್ಕೆ ಊರು. ಐದನೆಯದಕ್ಕೆ, ಯಾಕೆ ಅಂದರು. ಈ ಐದನೆಯ ಸಾಲಿನ ಸಲುವಾಗಿಯೇ ನಾನು ಇದನ್ನು ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಐದನೇ ಇಯತ್ತೆ. ಬಾಗಲಕೋಟೆಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಆ ಚಳಿಗಾಲದಲ್ಲಿ ವಾರಕ್ಕೆ ಮೂರು ದಿನ ನನ್ನ ಗಾಡಿಯನ್ನು ಒಬ್ಬ ಮೇಡಂ ಗೊತ್ತುಮಾಡಿಕೊಂಡಿದ್ದರು. ಅವರು ದಕ್ಷಿಣದ ಕಡೆಯವರು. ಕನ್ನಡ ಕಲಿಸುವ ನೌಕರಿಗೆ ಬಂದು, ನಿವೃತ್ತಿಯಾದ ಮೇಲೂ ವಿದ್ಯಾಗಿರಿಯಲ್ಲೇ ಉಳಿದುಬಿಟ್ಟವರು. ನಮ್ಮ ಕಡೆಯ ಆಡುಮಾತಿನ ಪದಗಳನ್ನು ಕೂಡಿಸಿ ಒಂದು ಕೋಶ ಮಾಡಬೇಕೆಂದು ಅವರ ಆಸೆ. ಊರೂರಿಗೆ ಕರೆದುಕೊಂಡು ಹೋಗುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ.

ಒಂದು ಮುಂಜಾನೆ ಗದ್ದನಕೇರಿ ಕ್ರಾಸಿನಲ್ಲಿ ಒಬ್ಬ ಮೊಬೈಲಿನಲ್ಲಿ ಮಾತಾಡುತ್ತ, ಎಡಬಲ ನೋಡದೆ ಬೈಕನ್ನು ನನ್ನ ಗಾಡಿಗೆ ಅಡ್ಡ ತಂದ. ಬ್ರೇಕ್ ಒತ್ತಿದೆ.

“ಖಬರಗೇಡಿ” ಅಂದೆ. ನಮ್ಮ ಕಡೆ ಖಬರ ಅಂದರೆ ಎಚ್ಚರ, ಅರಿವು.

“ಗಾಡಿ ನಿಲ್ಲಿಸಿ” ಅಂದರು ಮೇಡಂ. ಬೈಕಿನವನಿಗೆ ಬುದ್ಧಿ ಹೇಳಬಹುದು ಅಂದುಕೊಂಡೆ. ಅವರು ಚೀಲದಿಂದ ಚೀಟಿ ತೆಗೆದರು. “ಏನಂದ್ರಿ ಈಗ? ಇನ್ನೊಂದು ಸಲ ಹೇಳಿ.”

ಹೀಗೆ ಆ ಪದದ ಮೊದಲ ಚೀಟಿ ನನ್ನದೇ ಆಯಿತು. ಯಾರು ಯಾರಿಗೆ: ಡ್ರೈವರ್, ಬೈಕಿನವನಿಗೆ. ಯಾಕೆ: ನೋಡದೆ ಅಡ್ಡ ಬಂದ. ಬರೆದು ಮುಗಿಸಿ ಅವರು ಹೇಳಿದರು: “ಈ ಪದ ನನ್ನ ಹತ್ತಿರ ಇರಲೇ ಇಲ್ಲ ನೋಡಿ. ಬಾಗಲಕೋಟೆ ಆಯ್ತು. ಬಾದಾಮಿ, ಹುನಗುಂದ, ಇಳಕಲ್ ಮೂರೂ ಕಡೆ ಇದನ್ನ ಹಿಡೀಬೇಕು.”

ಮೊದಲ ಎರಡಕ್ಕೆ ಹೂಂ ಅಂದೆ. “ಇಳಕಲ್ ಎಲ್ಲಾಕ್ಕಿಂತ ಕಡೀಕ ಮಾಡೂಣ್ರಿ” ಅಂದೆ.

ಇಳಕಲ್ ನನ್ನ ಹುಟ್ಟೂರು. ನನ್ನ ತಂಗಿ ಅಲ್ಲಿದ್ದಾಳೆ. ಆ ಪದವನ್ನು ನಾನು ಹನ್ನೊಂದು ವರ್ಷದವನಿದ್ದಾಗ ಒಂದು ಸುಳ್ಳು ಹೇಳಿ ಅವಳ ಮೇಲೆ ಹೊರಿಸಿದ್ದೆ. ನಲವತ್ತು ವರ್ಷವಾದರೂ ಅವಳು ಅದನ್ನು ಹೊತ್ತುಕೊಂಡೇ ಇದ್ದಾಳೆ. ಅದು ಸುಳ್ಳು ಅಂತ ನಾನು ಯಾರಿಗೂ ಹೇಳಿರಲಿಲ್ಲ.

ಮೇಡಂ ಅವರ ಪದ್ಧತಿ ಸುಲಭ ಅನ್ನಿಸುತ್ತಿತ್ತು, ಮಾಡಲು ಹೋದರೆ ಕಷ್ಟ. ಜನರಿಗೆ ಪದದ ಅರ್ಥ ಕೇಳಬಾರದು. ಅರ್ಥ ಕೇಳಿದರೆ ಪರೀಕ್ಷೆಗೆ ಕೂತವರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಪದವನ್ನು ನಾವೇ ಮೊದಲು ಅನ್ನಲೂಬಾರದು. ಏನೋ ಒಂದು ಪ್ರಸಂಗ ಹೇಳಿ, ಅವರ ಬಾಯಿಂದ ತಾನಾಗಿ ಬರುವ ತನಕ ಕಾಯಬೇಕು. ಬಂದಮೇಲೆ ಯಾವಾಗ ಕೊನೆಯ ಸಲ ಅಂದಿರಿ, ಯಾರಿಗೆ ಅಂದಿರಿ, ಯಾಕೆ ಅಂದಿರಿ ಎಂದು ಕೇಳಬೇಕು.

ಬಾದಾಮಿಯಲ್ಲಿ ಎರಡು ದಿನ ವ್ಯರ್ಥವಾದವು. ಮೇಡಂ ಮಾತಾಡಿಸಿದ ಕೂಡಲೇ ಜನ ಅವರ ಕನ್ನಡವನ್ನೇ ಆಡಲು ಶುರುಮಾಡುತ್ತಿದ್ದರು. ಒಬ್ಬ ಕಾಯಿಪಲ್ಯದವ “ಅಂಥವರನ್ನು ಅಜ್ಞಾನಿಗಳು ಎಂದು ಕರೆಯುತ್ತೇವೆ” ಅಂದ, ಭಾಷಣದ ಧಾಟಿಯಲ್ಲಿ. ಮೇಡಂ ಅವನಿಗೆ ಧನ್ಯವಾದ ಹೇಳಿ ಗಾಡಿಗೆ ಬಂದು ಕಣ್ಣು ಮುಚ್ಚಿ ಕೂತರು.

ಮೂರನೆಯ ದಿನ ಅಲ್ಲೇ ಹತ್ತಿರದ ಬನಶಂಕರಿ ಗುಡಿಗೆ ಹೋದೆವು. ಅಲ್ಲಿ ಗಿಡದ ನೆರಳಿಗೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಕೆನೆ ಮೊಸರು ಮಾರುವ ಹೆಂಗಸರು ಕೂತಿರುತ್ತಾರೆ. ಒಬ್ಬ ಮುದುಕಿಯ ಹತ್ತಿರ ಊಟಕ್ಕೆ ಕೂತೆವು. ಮೇಡಂ ಕೇಳಿದಾಗ ಅವಳೂ “ಅರಿವಿಲ್ಲದವರು ಅಂತೀವ್ರಿ” ಅಂದಳು. ಮೇಡಂ ಕೈ ತೊಳೆಯಲು ಹೊಂಡದ ಕಡೆ ಹೋದರು. ಮುದುಕಿ ನನ್ನ ಕಡೆ ಬಗ್ಗಿದಳು.

“ಆ ಬಾಯಾರು ಏನ್ ಕೇಳಾಕತ್ತಾರಪಾ? ನನಗ ತಿಳೀವಲ್ದು.”

“ಏನಿಲ್ಲಬೇ. ಗಾಡಿ ಕೀಲಿ ಒಳಗ ಬಿಟ್ಟು ಬಾಗಲಾ ಹಾಕಿದವ್ಗ ನೀ ಏನಂತಿ?”

“ಹಂಗ ಮಾಡಿದವ ಯಾರು, ನೀನಾ?”

“ನಾನ ಅನ್ಕೋ.”

“ಖಬರಗೇಡಿ ಅಂತೇನಿ. ಮತ್ತೇನ್ ಶಾಣ್ಯಾ ಅನ್ಲೇನು?”

“ಮಳ್ಳ ಅನ್ನೂದಿಲ್ಲೇನು?”

“ಮಳ್ಳಗ ಯಾಕ ಬೈಲಿ, ಪಾಪ, ಅವಗ ದೇವ್ರು ಕೊಟ್ಟದ್ದ ಅಷ್ಟು. ಖಬರಗೇಡಿಗೆ ಎಲ್ಲಾ ಕೊಟ್ಟಿರ್ತಾನ. ಆದ್ರೂ ಕಣ್ಣ ಮುಂದಿಂದು ಕಾಣಂಗಿಲ್ಲ ಅವಗ. ಅದಕ್ಕ ಬೈಸ್ಕೊಂತಾನ. ಇನ್ನೊಂದ ರೊಟ್ಟಿ ಹಾಕ್ಲಿ?”

ಮೇಡಂ ಬಂದಾಗ ಇದನ್ನೆಲ್ಲ ಹೇಳಿದೆ. ಅವರು ಕೈ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು. ಅವತ್ತಿನಿಂದ ಕೇಳುವ ಕೆಲಸ ನನ್ನದಾಯಿತು. ಅವರು ನಾಲ್ಕು ಹೆಜ್ಜೆ ದೂರ ಕೂತು ಮೊಬೈಲ್ ನೋಡುತ್ತಿರುವ ಹಾಗೆ ಮಾಡುತ್ತಿದ್ದರು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈಯಿಂದ ಚೀಟಿ ಬರೆಯಲು ಕಲಿತೆ. ಒತ್ತಕ್ಷರ ತಪ್ಪುತ್ತಿದ್ದವು. ಅವರು ಬಯ್ಯಲಿಲ್ಲ. ಗಾಡಿಯಲ್ಲಿ ಹೋಗುವಾಗ ಚೀಟಿಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಸಾಲಿ ಬಿಟ್ಟಮೇಲೆ ನನ್ನನ್ನು ಓದು ಅಂದವರು ಅವರೊಬ್ಬರೇ. ಆ ವಾರಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ. ರಸ್ತೆಯ ಎರಡೂ ಬದಿಗೆ ಹಾಲುಗಾಳಿನ ಬಿಳಿಜೋಳ, ಐಹೊಳೆಯ ದಾರಿಯಲ್ಲಿ ಬೀರಪ್ಪನ ಒಕ್ಕಲಿನ ಕುರುಬರ ಕುರಿ ಹಿಂಡು ದಾಟುವ ತನಕ ಗಾಡಿ ಬಂದ್ ಮಾಡಿ ಕಾಯುವುದು, ಹಿಂದಿನ ಸೀಟಿನಿಂದ “ಆ ಮಾತು ಮತ್ತೊಮ್ಮೆ ಹೇಳಿ” ಎಂಬ ದನಿ.

ಹುನಗುಂದದ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ ಚಪ್ಪಲಿ ಬದಲಿಸುತ್ತಿದ್ದಳು. ಹುಡುಗಿ ಎಡದ್ದನ್ನು ಬಲಗಾಲಿಗೆ ಹಾಕಿಕೊಂಡಿತ್ತು. “ನನ್ನ ಖಬರಗೇಡಿ ಬಂಗಾರ, ಹೀಂಗ ನಡದ್ರ ಅತ್ತಿಮನಿಗೆ ಯಾವಾಗ ಮುಟ್ತಿ” ಅಂತ ಅದರ ಗಲ್ಲ ಹಿಂಡಿದಳು. ಅಲ್ಲಿ ಕೇಳುವ ಕೆಲಸವೇ ಇರಲಿಲ್ಲ, ಬರೆದುಕೊಂಡೆ.

“ಪ್ರೀತಿಗೂ ಅಂತಾರಾ?” ಮೇಡಂಗೆ ಆಶ್ಚರ್ಯ.

“ಸಣ್ಣ ಕೂಸಿಗೆ ಅಂತಾರ್ರಿ.”

“ಎಷ್ಟು ವಯಸ್ಸಿನ ತನಕ?”

ನಾನು ಆ ಸುಳ್ಳು ಹೇಳಿದಾಗ ನನ್ನ ತಂಗಿಗೆ ಏಳು ವರ್ಷ. “ಗೊತ್ತಿಲ್ರಿ” ಅಂದೆ.

ಮರುದಿನ ವಿದ್ಯಾಗಿರಿಯ ಅವರ ಮನೆಯಲ್ಲಿ ಚೀಟಿಗಳನ್ನು ಮೇಜಿನ ಮೇಲೆ ಹರವಿ ಕೂತಾಗ ನನ್ನ ಕಳ್ಳತನ ಸಿಕ್ಕಿಬಿದ್ದಿತು. ಕೆಲವರು ಯಾಕೆ ಅಂದೆವು ಅನ್ನುವುದನ್ನು ಹೇಳದೆ ಎದ್ದು ಹೋಗಿದ್ದರು. ಚೀಟಿ ಖಾಲಿ ಕಾಣಬಾರದು ಅಂತ ಐದನೆಯ ಸಾಲನ್ನು ನಾನೇ ತುಂಬಿಸಿದ್ದೆ. ಮೇಡಂ ಮೂರು ಚೀಟಿ ಒಂದರ ಪಕ್ಕ ಒಂದು ಇಟ್ಟರು.

“ಈ ಮೂರು ಊರಲ್ಲಿ ಮೂರು ಜನರೂ ಒಲೆ ಮೇಲೆ ಹಾಲು ಉಕ್ಕಿಸಿದರಾ?”



ಅವರು ಮೂರನ್ನೂ ಹರಿದರು. ಸಿಟ್ಟಿನಿಂದಲ್ಲ, ಹಳೆಯ ಟಿಕೀಟು ಹರಿದ ಹಾಗೆ. “ಬೈದವರು ಯಾರೋ, ಬೈಸಿಕೊಂಡವರು ಯಾರೋ. ಕಾರಣ ಮಾತ್ರ ನಿಮ್ಮದು. ಕಾರಣ ಸುಳ್ಳಾದರೆ ಅರ್ಥವೂ ಸುಳ್ಳಾಗುತ್ತೆ. ಬೈಸಿಕೊಂಡವರಿಗೆ ಎರಡು ಸಲ ಅನ್ಯಾಯ.”

ಅವರು ಹೇಳಿದ್ದು ಚೀಟಿಯ ಮಾತು. ನನಗೆ ಅದು ತಂಗಿಯ ಬಗ್ಗೆ ಹೇಳಿದ ಹಾಗೆ ಕೇಳಿಸಿತು.

ಇನ್ನು ಇಳಕಲ್ ಉಳಿದಿತ್ತು. ಎರಡು ಸಲ ನೆಪ ಹೇಳಿದೆ. ಒಮ್ಮೆ ಗಾಡಿ ಸರ್ವಿಸ್, ಒಮ್ಮೆ ಸಂತೆಯ ಗದ್ದಲ. ಮೂರನೆಯ ಸಲ ಹೊರಟೆವು. ಹುನಗುಂದ ದಾಟಿದ ಮೇಲೆ ಗಾಡಿಯನ್ನು ನಾನು ಎಷ್ಟು ನಿಧಾನ ಓಡಿಸಿದೆ ಅಂದರೆ, ಮೇಡಂ “ಪೆಟ್ರೋಲ್ ಕಡಿಮೆ ಇದೆಯಾ?” ಅಂದರು. ಆ ದಾರಿಯಲ್ಲಿ ನನಗೆ ನೆನಪಾದದ್ದನ್ನು ಇಲ್ಲಿ ಹೇಳಬೇಕು.

ಆಗ ನಮ್ಮ ಓಣಿಯಲ್ಲಿ ಮನೆಮನೆಗೆ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತನೆಂದರೆ ಸಂಜೆಯ ತನಕ ಲಾಳಿಯ ಸಪ್ಪಳ. ಹೊಸ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು, ತಯಾರಾದ ದಿನ ಅದನ್ನು ಓಣಿಯ ಉದ್ದಕ್ಕೂ ಎಳೆದು, ನಡುನಡುವೆ ಕೋಲು ಕೊಟ್ಟು ನಿಲ್ಲಿಸುತ್ತಿದ್ದರು. ಅವ್ವ ಜೋಳದ ಹಿಟ್ಟಿನ ಗಂಜಿ ಕಾಸಿ ಕುಂಚದಿಂದ ಅದಕ್ಕೆ ಸವರುತ್ತಿದ್ದಳು. ಗಂಜಿ ಹಿಡಿದರೆ ನೂಲು ಮಗ್ಗದಲ್ಲಿ ಹರಿಯುವುದಿಲ್ಲ. ಬಿಸಿಲಿಗೆ ಅದು ಒಣಗುವಾಗ ಇಡೀ ಓಣಿ ಅಂಬಲಿಯ ವಾಸನೆ. ಇವತ್ತಿಗೂ ಯಾರದೇ ಮನೆಯಲ್ಲಿ ಅಂಬಲಿ ಕುದಿಯುವ ವಾಸನೆ ಬಂದರೆ ನನಗೆ ಹಸಿವಾಗುವುದಿಲ್ಲ, ಬಿಳಿ ನೂಲು ಕಣ್ಣಿಗೆ ಬರುತ್ತದೆ.

ಆ ವಾಸನೆ ಆಡುಗಳಿಗೂ ಗೊತ್ತು. ಗಂಜಿ ನೆಕ್ಕಲು ಬಂದು ನೂಲನ್ನೇ ಜಗಿದುಬಿಡುತ್ತಿದ್ದವು. ಅದಕ್ಕೆ ಒಣಗುವ ತನಕ ಒಬ್ಬರು ಕೋಲು ಹಿಡಿದು ಕಾಯಲೇಬೇಕು. ಅದು ನನ್ನ ಕೆಲಸ.

ಒಳಗೆ ನಡೆಯುವ ಕೆಲಸ ಬೇರೆ. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನದು ಕೆಂಪು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆಯೇ ಜೋಡಿಸಬೇಕು. ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದೊಂದು ಎಳೆಯನ್ನು ತೂರಿಸಿ ಸಿಕ್ಕಿಸುವುದು, ಸೀರೆಯ ಅಗಲದುದ್ದಕ್ಕೂ. ಅದಕ್ಕೆ ಕೊಂಡಿ ಹಾಕುವುದು ಅಂತಾರೆ. ಒಂದು ಕೊಂಡಿ ಸಡಿಲಾದರೂ ನೇಯುವಾಗ ಅಲ್ಲಿ ಬಾಯಿ ಬಿಡುತ್ತದೆ. ಎರಡು ವರ್ಷ ಕಲಿತರೂ ನನ್ನ ಕೊಂಡಿ ಸಡಿಲೇ. “ನಿನ್ನವೇನು ಬೆರಳೋ ಒನಕಿಯೋ” ಅಂತ ಅಪ್ಪ ನಗುತ್ತಿದ್ದ. ಆ ವಾರ ಅವನು ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕಲಿಸಲು ಶುರುಮಾಡಿದ್ದ. ಹಿರಿಮಗ ನಾನು ಬಿಸಿಲಲ್ಲಿ ಆಡು ಕಾಯುವುದು, ಅವಳು ಅಪ್ಪನ ಪಕ್ಕ ರೇಷ್ಮೆ ಮುಟ್ಟುವುದು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ದಿನ ಕೊಂಡಿ ಅರ್ಧಕ್ಕೆ ಬಂದಾಗ ಅಪ್ಪ ಪೇಟೆಗೆ ಹೋದ. “ನಾ ಬರೂತನಕ ಮುಟ್ಟಬ್ಯಾಡವ್ವಾ” ಅಂತ ತಂಗಿಗೆ ಹೇಳಿ ಹೋದ. ಅವ್ವ ಬಟ್ಟೆ ತೊಳೆಯಲು ಹೋದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗ್ರಾನೈಟ್ ದಿಮ್ಮಿ ಹೊತ್ತ ಲಾರಿಯೊಂದು ಗಟಾರದಲ್ಲಿ ಸಿಕ್ಕಿಬಿದ್ದಿತು. ಜನ ಕೂಡಿತು. ನಾನು ಕೋಲು ಬಿಸಾಕಿ ಓಡಿದೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ವಾಪಸು ಬರುವಾಗ ಮನೆಯ ಬಾಗಿಲ ಮುಂದೆ ಹಾದೆ. ಒಳಗೆ ತಂಗಿ ಒಬ್ಬಳೇ ಮಗ್ಗದ ಮುಂದೆ ಕೂತು, ತುಟಿಯ ಮೂಲೆಗೆ ನಾಲಿಗೆ ಚಾಚಿ, ಕೊಂಡಿ ಹಾಕುತ್ತಿದ್ದಳು. ಅವಳು ನನ್ನನ್ನು ನೋಡಲಿಲ್ಲ. ಮುಂದೆ ಬಂದು ನೋಡಿದರೆ ಹಾಸಿನ ಮೇಲೆ ಎರಡು ಆಡು. ನೂಲು ಒಂದು ಕಡೆ ಜಗಿದು ಜಡೆಯ ಹಾಗೆ ಹೊಸೆದುಹೋಗಿತ್ತು.

ಅಪ್ಪ, ಅವ್ವ ಬಂದಾಗ ನಾನು ಹೇಳಿದೆ: ತಂಗಿಯ ಕೈಯಲ್ಲಿ ಕೋಲು ಕೊಟ್ಟು ನೀರು ಕುಡಿಯಲು ಹೋಗಿದ್ದೆ, ಅವಳು ಬೇವಿನ ಗಿಡದ ಬುಡಕ್ಕೆ ಪುಟಾಣಿ ಕಡಲೆ ತಿನ್ನುತ್ತ ನಿದ್ದೆ ಮಾಡಿಬಿಟ್ಟಳು, ಆಡಿನ ಕೊರಳಿನ ಗಂಟೆಗೂ ಏಳಲಿಲ್ಲ, ಖಬರಗೇಡಿ. ಎಲ್ಲಿದ್ದೆ ಅಂತ ಅವಳು ಹೇಳುವ ಹಾಗಿರಲಿಲ್ಲ. ಹೇಳಿದರೆ ಬೇಡ ಅಂದ ರೇಷ್ಮೆ ಮುಟ್ಟಿದ್ದಕ್ಕೆ ಏಟು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವಳು ಅತ್ತಳು, ಮಾತಾಡಲಿಲ್ಲ.

ಇಳಕಲ್ಲಿನಲ್ಲಿ ಮೇಡಂ ಅವರನ್ನು ನಾನು ನೇಕಾರರ ಓಣಿಗೆ ಒಯ್ಯಲಿಲ್ಲ. ಊರ ಹೊರಗಿನ ಕಲ್ಲು ಪಾಲಿಶ್ ಮಾಡುವ ಜಾಗಕ್ಕೆ ಒಯ್ದೆ. ಅಲ್ಲಿಯ ಮೇಸ್ತ್ರಿ ನನ್ನ ಪ್ರಸಂಗ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ.

“ಅಂಥವ್ಗ ಖಬರಗೇಡಿ ಅಂತಾರ್ರಿ. ಆದ್ರ ಇಲ್ಲಿ ಆ ಮಾತ ಅನ್ನಂಗಿಲ್ಲ. ಕಟಿಂಗ್ ಮಷಿನ್ ಮುಂದ ನಿಂತವ್ಗ ಹಂಗಂದ್ರ ಅವನ ಮನಸ್ಸು ಆ ಮಾತಿನ ಹಿಂದ ಹೊಕ್ಕೈತಿ. ಬೆರಳು ಅಲ್ಲೇ ಉಳೀತಾವ.”

ಒಳ್ಳೆಯ ಚೀಟಿ. ಇಳಕಲ್ ಮುಗಿಯಿತು, ಹೊರಡೋಣ ಅಂದೆ. ಮೇಡಂಗೆ ಚಹಾ ಬೇಕಾಗಿತ್ತು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕೂತೆವು. ಅಲ್ಲಿ ಬಿಳಿ ಟೋಪಿಯ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ. ನಮ್ಮ ಅಪ್ಪನ ಪಕ್ಕದ ಮನೆಯಲ್ಲಿ ನೇಯುತ್ತಿದ್ದವನು.

“ಲೇ, ಊರಿಗೆ ಬಂದು ತಂಗಿ ಮನಿ ಬಿಟ್ಟು ಇಲ್ಲಿ ಚಾ ಕುಡೀತಿಯೇನು?” ಅಂದ. ಆಮೇಲೆ ಮೇಡಂ ಕಡೆ ತಿರುಗಿ, ಯಾರು, ಯಾತಕ್ಕೆ ಬಂದದ್ದು ಎಂದು ಕೇಳಿದ. ಅವರು ಹೇಳಿದರು. ಮುದುಕ ಬಸಿಯಲ್ಲಿ ಚಹಾ ಆರಿಸುತ್ತ ನಕ್ಕ.

“ಆ ಪದಾ ಹುಡುಕ್ಕೋತ ಕಲ್ಲಿನ ಫ್ಯಾಕ್ಟರಿಗೆ ಹೋಗಿದ್ರೇನ್ರಿ? ಇವನ ತಂಗೀನ ಕೇಳ್ರಿ. ಓಣ್ಯಾಗ ಆಕಿ ಹೆಸರು ಯಾರಿಗೂ ನೆಪ್ಪಿಲ್ಲ, ಖಬರಗೇಡಿ ಅಂತನ ಕರೀತಾರ. ಆಕೀನೂ ಓ ಅಂತಾಳ.”

“ತಂಗಿ ಇಲ್ಲೇ ಇದ್ದಾರಾ?” ಮೇಡಂ ನನ್ನ ಕಡೆ ನೋಡಿದರು. “ನೀವು ಹೇಳಲೇ ಇಲ್ಲ.”

ನಾವು ಮನೆಗೆ ಹೋದಾಗ ತಂಗಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ಸಣ್ಣ ನಳಿಗೆಗೆ ನೂಲು ಸುತ್ತುವ ಕೆಲಸ. ಆ ದಿನದ ನಂತರ ಅಪ್ಪ ಅವಳನ್ನು ಅದಕ್ಕೆ ಕೂರಿಸಿದ. ಗಂಡನ ಮನೆಯಲ್ಲೂ ಅದೇ. ಗಂಡ ಪೇಟೆಗೆ ಹೋಗಿದ್ದ. ಮಗ್ಗ ನಿಂತಿತ್ತು. ಒಡಲು ಮುಗಿದು, ಕೆಂಪು ರೇಷ್ಮೆ ಕೊಂಡಿಗಾಗಿ ಕಾದಿತ್ತು. ಕೊಂಡಿ ಹಾಕಲು ಆಚೆ ಮನೆಯ ಹೆಂಗಸು ಮಧ್ಯಾಹ್ನ ಬರುತ್ತಾಳೆ ಅಂದಳು.

“ಬಾ ಅಣ್ಣಾ. ದಾರಿ ತಪ್ಪಿ ಬಂದಿಯೇನು? ಬರ್ರಿ ಬಾಯಾರ, ಕುಂದರ್ರಿ. ಚಾ ಇಡ್ತೇನಿ, ಆದ್ರ ಉಕ್ಕದಂಗ ನೀವ ನೋಡ್ಕೋಬೇಕು.” ತಾನೇ ನಕ್ಕಳು.

ಮೇಡಂ ಈ ಸಲ ಪದ್ಧತಿ ಬಿಟ್ಟು ನೇರ ಕೇಳಿದರು. ತಂಗಿ ರಾಟಿ ತಿರುಗಿಸುತ್ತಲೇ ಹೇಳಿದಳು:

“ಅದಕ್ಕ ನೀವು ಬರೋಬ್ಬರಿ ಮನೀಗೆ ಬಂದೀರಿ. ನಾನ ಖಬರಗೇಡಿ ರೀ.”

ಮೇಡಂ ಚೀಟಿ ತೆಗೆದರು. ಇಷ್ಟು ದಿನದಲ್ಲಿ ತನ್ನನ್ನು ತಾನೇ ಹಾಗೆ ಅಂದುಕೊಂಡವರು ಒಬ್ಬರೂ ಸಿಕ್ಕಿರಲಿಲ್ಲ. “ಯಾಕೆ ಹಾಗಂತೀರಮ್ಮ?”

“ಸಣ್ಣಾಕಿ ಇದ್ದಾಗಿಂದು. ಓಣ್ಯಾಗ ಹಾಸು ಹಾಕಿದ್ವಿ. ಅಣ್ಣ ನನ್ನ ಕೈಯಾಗ ಕೋಲು ಕೊಟ್ಟು ನೀರು ಕುಡಿಯಾಕ ಹೋದ. ಬೇವಿನ ಗಿಡದ ಬುಡಕ ತಂಪಿತ್ತು. ಉಡ್ಯಾಗ ಪುಟಾಣಿ ಇದ್ವು. ತಿನ್ಕೋತ ತಿನ್ಕೋತ ಕಣ್ಣ ಹತ್ತಿದ್ವು ನೋಡ್ರಿ. ಆಡಿನ ಕೊರಳಾಗಿನ ಗಂಟಿ ಕೇಳಾಕತ್ತಿತ್ತು, ಏಳಬೇಕು ಏಳಬೇಕು ಅಂತೇನಿ, ಏಳಾಕ ಆಗವಲ್ದು. ಆ ಗಂಟಿ ಸಪ್ಪಳ ಇನ್ನೂ ಕಿವ್ಯಾಗ ಐತ್ರಿ.”

ನಾನು ಗೋಡೆಗೆ ಒರಗಿ ಕೂತಿದ್ದೆ. ಅವಳು ಮನಸ್ಸಿನಲ್ಲಿ ಎಲ್ಲ ಗೊತ್ತಿಟ್ಟುಕೊಂಡು ನನ್ನನ್ನು ಕ್ಷಮಿಸಿರಬಹುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳಿಗೆ ಗೊತ್ತೇ ಇರಲಿಲ್ಲ. ಏಳು ವರ್ಷದ ಹುಡುಗಿಗೆ ನಾವು ಅದನ್ನು ಅಷ್ಟು ಸಲ ಹೇಳಿದ್ದೆವು. ಬೇವಿನ ಗಿಡ, ಪುಟಾಣಿ, ಗಂಟೆ, ಎಲ್ಲ ನನ್ನ ಮಾತು. ನನ್ನ ಸುಳ್ಳು ಅವಳ ನೆನಪಾಗಿ ಕೂತಿತ್ತು.

ಮೇಡಂ ಅವರ ಪೆನ್ನು ಐದನೆಯ ಸಾಲಿಗೆ ಇಳಿಯಿತು.

“ಮೇಡಂರಿ, ಆ ಸಾಲು ಬರೀಬ್ಯಾಡ್ರಿ” ಅಂದೆ.

“ಯಾಕೆ?”

“ಅದು ಖರೆ ಅಲ್ರಿ.”

“ಖರೆ ಯಾಕಲ್ಲ?” ತಂಗಿ ನಗುತ್ತಲೇ ಇದ್ದಳು. “ನನಗ ನೆಪ್ಪೈತಲ್ಲ. ಗಂಟಿ ಸಪ್ಪಳ ಕೇಳ್ಸಿತ್ತು ಅಂತೇನಿ.”

“ಆ ಆಡುಗೋಳಿಗೆ ಗಂಟಿ ಇರ್ಲಿಲ್ಲ ತಂಗಿ. ಅದು ನಾ ಹೇಳಿದ್ದು. ಪುಟಾಣಿ ಇದ್ದದ್ದು ನನ್ನ ಕಿಸೇದಾಗ. ಕೋಲು ನಿನ್ನ ಕೈಯಾಗ ಕೊಟ್ಟ ಇಲ್ಲ ನಾ. ಲಾರಿ ನೋಡಾಕ ಓಡಿ ಹೋಗಿದ್ನಿ.”

ರಾಟಿ ಎರಡು ಸುತ್ತು ತಾನಾಗಿ ತಿರುಗಿ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ನೂಲನ್ನು ನೋಡುತ್ತಿದ್ದಳು. ಆಮೇಲೆ ಕೇಳಿದಳು:

“ಹಂಗಾರ ನಾ ಎಲ್ಲಿದ್ನಿ?”

ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳುತ್ತಿದ್ದದ್ದು ಕಳೆದ ವಸ್ತು ಎಲ್ಲಿದೆ ಎಂಬ ಹಾಗೆ.

“ಮನ್ಯಾಗ. ಮಗ್ಗದ ಮುಂದ. ಅಪ್ಪ ಮುಟ್ಟಬ್ಯಾಡ ಅಂದಿದ್ದ, ನೀ ಒಬ್ಬಾಕೀನ ಕುಂತು ಕೊಂಡಿ ಹಾಕಾಕತ್ತಿದ್ದಿ. ನಾ ಬಾಗಲದಾಗಿಂದ ನೋಡಿದ್ನಿ. ನೀ ಅದನ್ನ ಹೇಳಂಗಿಲ್ಲ ಅಂತ ತಿಳದ ನಿನ್ನ ಮ್ಯಾಲ ಹಾಕಿದ್ನಿ.”

“ನಾ? ಕೊಂಡಿ?”

“ಹೂಂ.”

“ಎಷ್ಟು?”

“ಅಪ್ಪ ಬಿಟ್ಟಲ್ಲಿಂದ ಒಂದು ಗೇಣು.”

ಅವಳು ಮಗ್ಗದ ಮೇಲೆ ಕಾದಿದ್ದ ಕೆಂಪು ರೇಷ್ಮೆಯನ್ನು ನೋಡಿದಳು. “ಸಡ್ಲ ಇದ್ವೇನು, ಬಿಗಿ ಇದ್ವೇನು?”

ಇಲ್ಲಿ ನಾನು ಇನ್ನೊಂದನ್ನು ಹೇಳಬೇಕಾಯಿತು. ಅವತ್ತು ಸಂಜೆ ಅಪ್ಪ ಮಗ್ಗಕ್ಕೆ ಕೂತಾಗ ಆ ಒಂದು ಗೇಣನ್ನು ಕಂಡು, ಬೆರಳಿನಿಂದ ಒಂದೊಂದನ್ನೇ ಎಳೆದು ನೋಡಿ, ಯಾರು ಹಾಕಿದ್ದು ಅಂತ ಕೇಳಿದ. ತಂಗಿ ಅತ್ತು ಮಲಗಿದ್ದಳು. ನಾನು ಮಾತಾಡಲಿಲ್ಲ, ಕೆಳಗೆ ನೋಡುತ್ತ ನಿಂತೆ. ಅಪ್ಪ ನನ್ನ ಬೆನ್ನು ತಟ್ಟಿದ. ಮಾರನೆಯ ದಿನ ಮಗ್ಗದ ಪಕ್ಕದ ಜಾಗ ನನಗೆ ಬಂತು, ರಾಟಿ ಅವಳಿಗೆ ಹೋಯಿತು. ನನ್ನ ಕೊಂಡಿ ಮತ್ತೆ ಸಡಿಲಾದಾಗ ಅಪ್ಪ “ಅವತ್ತ ಬಂದಿತ್ತಲ್ಲೋ ನಿನಗ” ಅನ್ನುತ್ತಿದ್ದ. ಆ ಮಾತು ತಡೆಯಲಾಗದೆ ಕೊನೆಗೆ ಲಾರಿ ಕ್ಲೀನರ್ ಆಗಿ ಊರು ಬಿಟ್ಟೆ.

ಇದನ್ನೆಲ್ಲ ಹೇಳಿ, “ಅಪ್ಪ ಒಂದನ್ನೂ ಬಿಚ್ಚಲಿಲ್ಲ ತಂಗಿ. ಹಂಗ ನೇದ” ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅವ್ವ ಇರೂತನಕ ನನ್ನ ಕೈಯಾಗ ಕೀಲಿ ಕೊಡ್ಲಿಲ್ಲ. ನನ್ನ ಮಗಳ ಬಾಣಂತನಕ್ಕ ನನ್ನ ಬಿಟ್ಟು ಆಕಿ ಅತ್ತೀನ ನಿಂತ್ಲು. ಕೂಸಿನ್ನ ಎಲ್ಲ್ಯರ ಮರತ ಬರ್ತಾಳ ಖಬರಗೇಡಿ ಅಂದ್ರು. ನಾನೂ ಹೌದಂದ್ನಿ, ಅಣ್ಣಾ. ನಾನೂ ಹೌದಂದ್ನಿ.”

“ಖಬರಗೇಡಿ ನೀ ಅಲ್ಲ ತಂಗಿ, ನಾ” ಅಂದೆ. ಮೇಡಂ ಕಡೆ ತಿರುಗಿ, “ಹಂಗ ಬರ್ಕೋರಿ” ಅಂದೆ. ಅದನ್ನು ಅಂದಾಗ ಎದೆ ಸ್ವಲ್ಪ ಹಗುರಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಮೇಡಂ ಬರೆಯುವ ಮೊದಲೇ ತಂಗಿ ಕೈ ಅಡ್ಡ ಮಾಡಿದಳು.

“ಬ್ಯಾಡ್ರಿ ಬಾಯಾರ. ಆ ಮಾತು ಅವಗ ಬರಂಗಿಲ್ಲ. ಖಬರಗೇಡಿಗೆ ತಾ ಮಾಡೂದು ತನಗ ತಿಳೀಯಂಗಿಲ್ಲ. ನಮ್ಮಣ್ಣ ಖಬರಗೇಡಿ ಅಲ್ಲ. ಅವಗ ಎಲ್ಲಾ ಖಬರ ಇತ್ತು.”

ಹೊರಗೆ ಯಾವುದೋ ಮನೆಯ ವಿದ್ಯುತ್ ಮಗ್ಗ ಬಡಿಯುತ್ತಿತ್ತು. ಬನಶಂಕರಿಯ ಮುದುಕಿ, ಹುನಗುಂದದ ಅಜ್ಜಿ, ಕಲ್ಲಿನ ಮೇಸ್ತ್ರಿ ಎಲ್ಲರ ಬಾಯಿಂದ ನಾನು ಬರೆದುಕೊಂಡ ಪದ. ಅದು ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿದವಳು ಅದನ್ನು ನಲವತ್ತು ವರ್ಷ ಹೊತ್ತವಳು.

ಮೇಡಂ ಹಳೆಯ ಚೀಟಿಯನ್ನು ಹರಿದರು. ಹೊಸದೊಂದನ್ನು ತೆಗೆದು, ತಂಗಿ ಅಂದ ಮಾತನ್ನು ಅವಳು ಅಂದ ಹಾಗೆಯೇ ಬರೆದರು. ಯಾರು ಯಾರಿಗೆ: ತಂಗಿ, ಅಣ್ಣನಿಗೆ. ಊರು: ಇಳಕಲ್. ಐದನೆಯ ಸಾಲಿಗೆ ಬಂದಾಗ ಅವಳನ್ನು ನೋಡಿದರು.

“ಅದನ್ನ ಅವನ ಬರೀಲಿ” ಅಂದಳು ತಂಗಿ.

ನಾನು ಚೀಟಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆದೆ. ಬರೆಯುವಷ್ಟು ಹೊತ್ತು ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಊಟಕ್ಕೆ ಏಳು ಅನ್ನಲಿಲ್ಲ. ಹೊರಡುವಾಗ ಹೊಸ್ತಿಲ ತನಕ ಬಂದದ್ದು ಮೇಡಂ ಸಲುವಾಗಿ. ಆಚೆ ಮನೆಯ ಹೆಂಗಸು ಕೊಂಡಿ ಹಾಕಲು ಅಂಗಳಕ್ಕೆ ಬಂದಿದ್ದಳು. “ನೀ ಇವತ್ತ ಬ್ಯಾಡವಾ, ಹೋಗು” ಅಂತ ತಂಗಿ ಅವಳಿಗೆ ಹೇಳುವುದು ನನಗೆ ಗಾಡಿಯ ಬಾಗಿಲು ಹಾಕುವಾಗ ಕೇಳಿಸಿತು.

ಆ ಚೀಟಿ ಈಗ ವಿದ್ಯಾಗಿರಿಯಲ್ಲಿ ಮೇಡಂ ಅವರ ಡಬ್ಬಿಯಲ್ಲಿ ಇದೆ. ಅಕ್ಷರ ಸೊಟ್ಟ ಇವೆ, ಎರಡು ಒತ್ತಕ್ಷರ ತಪ್ಪಿವೆ, ಅವರು ತಿದ್ದಿಲ್ಲ. ಐದನೆಯ ಸಾಲಿನಲ್ಲಿ ಹೀಗಿದೆ: ಆಡು ಬಂದಾಗ ಅಣ್ಣ ಅಲ್ಲಿರಲಿಲ್ಲ. ತಂಗಿ ಒಳಗೆ ಕೊಂಡಿ ಹಾಕುತ್ತಿದ್ದಳು. ಅಣ್ಣ ನೋಡಿದ್ದ.